ಬೋಳು ಕಾರಿಗೆ ಸರಿಯಾದ ಪ್ಲಗ್ಗು

ಹಳೇಬೀಡು
12 ಅಕ್ಟೋಬರ್ 2025, ಭಾನುವಾರ

ಚಿ. ಸೌ. ನಯನಾಳಿಗೆ ಅಮ್ಮನ ಆಶೀರ್ವಾದ.

ನಾನು ಗಟ್ಟಿಯಾಗಿಯೇ ಇದ್ದೇನೆ. ಮಂಡಿನೋವು ಇದೆ, ಅದೀಗ ಮನೆಯವರಲ್ಲಿ ಒಬ್ಬರಂತೆ ಆಗಿಬಿಟ್ಟಿದೆ. ನೀನು, ಅಳಿಯಂದಿರು, ನನ್ನ ಪುಟ್ಟಿ ಎಲ್ಲರೂ ದಾವಣಗೆರೆಯಲ್ಲಿ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಪುಟ್ಟಿಗೆ ಮುಂದಿನ ಹಲ್ಲು ಬಂದಿದೆಯಂತೆ. ನಿನ್ನ ಸ್ಟೇಟಸ್ಸಿನಲ್ಲಿ ನೋಡಿದೆ. ಮೊದಲಾದರೆ ಫೋಟೋ ನನಗೊಬ್ಬಳಿಗೇ ಬರುತ್ತಿತ್ತು, ಈಗ ಊರಿಗೆಲ್ಲ ಹಂಚುವಾಗ ನನಗೂ ಒಂದು ಪಾಲು ಸಿಗುತ್ತಿದೆ. ಅಷ್ಟಾದರೂ ಸಿಕ್ಕಿತಲ್ಲ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಫೋನು ಮಾಡಿದಾಗ ನಾನು ಕಟ್ ಮಾಡಿದ್ದು ಸೊಕ್ಕಿನಿಂದಲ್ಲ. ಫೋನಿನಲ್ಲಿ ನೀನು ಅಳುತ್ತೀಯ. ನೀನು ಅತ್ತರೆ ನಾನು ಹೇಳಬೇಕಾದ್ದನ್ನೆಲ್ಲ ನುಂಗಿಕೊಂಡು "ಹೋಗ್ಲಿ ಬಿಡು ಮಗಳೇ" ಅನ್ನುತ್ತೇನೆ. ಈ ಸಲ ಹೋಗಲಿ ಅನ್ನುವ ಮನಸ್ಸಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನೀನು ಕೇಳಿದ್ದು ಇಷ್ಟು: "ಅಮ್ಮ, ಆ ಪ್ಲಗ್ ಹಾಕಿದ್ರೆ ಚಿಕ್ಕಪ್ಪನ ಕಾರಿನ ಎಂಜಿನ್ ಹಾಳಾಗುತ್ತೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ?" ಅದರ ಹಿಂದೆಯೇ ಇನ್ನೊಂದು ಮಾತು: "ಗೊತ್ತಿದ್ದೂ ಸುಮ್ನಿದ್ರೆ ಚಿಕ್ಕಪ್ಪನ ಹತ್ರ ಹೋಗಿ ಕ್ಷಮೆ ಕೇಳು. ಇಲ್ಲಾಂದ್ರೆ ದೀಪಾವಳಿಗೆ ನಾನೂ ಬರಲ್ಲ, ಪುಟ್ಟೀನೂ ಕರ್ಕೊಂಡು ಬರಲ್ಲ."

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು, ಅಕಸ್ಮಾತ್ತಾಗಿ ಆಯಿತು ಎಂದು ನಿನ್ನ ಮುಂದೆ ನಾಟಕ ಆಡುವುದಿಲ್ಲ.

ಕಾರಿನ ಕಥೆ ನಿನಗೆ ಅರ್ಧ ಗೊತ್ತು. ಅರೇಹಳ್ಳಿ ಕಡೆಯ ಎಸ್ಟೇಟು ಮಾರಿ ಹೊರಟ ಸಾಹುಕಾರರೊಬ್ಬರಿಂದ ನಿಮ್ಮ ತಾತ ಕೊಂಡ ಇಂಗ್ಲಿಷ್ ಕಾರು ಅದು. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಮುಚ್ಚಳವಿಲ್ಲ. ಅದಕ್ಕೇ ಊರಿನವರು ಬೋಳು ಕಾರು ಎಂದು ಕರೆದರು. ತಾತ ಅದನ್ನು ಮುದ್ದಿನ ಕಿರಿಮಗನ ಹೆಸರಿಗೆ ಮಾಡಿಸಿದರು. ನಿಮ್ಮಪ್ಪನಿಗೆ ಅದರಿಂದ ಒಂದಿಷ್ಟೂ ಬೇಸರವಿರಲಿಲ್ಲ. "ತಿಮ್ಮೇಶಂಗೆ ಓಡಿಸೋದು ಇಷ್ಟ, ನಂಗೆ ಬಿಚ್ಚೋದು ಇಷ್ಟ, ಜಗಳ ಎಲ್ಲಿ ಬಂತು?" ಅನ್ನುತ್ತಿದ್ದರು. ಮಳೆಗಾಲ, ಬೇಸಿಗೆ ಅನ್ನದೆ ಭಾನುವಾರ ಬಂದರೆ ಕಾರಿನ ಕೆಳಗೆ ಅಂಗಾತ ಮಲಗಿರುತ್ತಿದ್ದರು. ಟಾರ್ಚು ಹಿಡಿಯುವ ಕೆಲಸ ನನ್ನದು. ಟಾರ್ಚು ಹಿಡಿದೂ ಹಿಡಿದೂ ಆ ಎಂಜಿನ್ನು ನನಗೂ ಬಾಯಿಪಾಠವಾಯಿತು.

ನಿನಗೆ ಗೊತ್ತಿಲ್ಲದ ಅರ್ಧ ಇದು. ನೀನು ಅಂಗನವಾಡಿಗೆ ಹೋಗುತ್ತಿದ್ದಾಗ ಅದರ ಹೆಡ್ಡು ಬಿರುಕು ಬಿಟ್ಟಿತು. ಹೆಡ್ಡು ಅಂದರೆ ಎಂಜಿನ್ನಿನ ಮೇಲೆ ಕೂರುವ ಕಬ್ಬಿಣದ ಮುಚ್ಚಳ, ಪ್ಲಗ್ಗುಗಳನ್ನು ತಿರುಗಿಸಿ ಕೂರಿಸುವುದು ಅದರಲ್ಲೇ. ನಿಮ್ಮ ಚಿಕ್ಕಪ್ಪ ಆಗ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಅಲ್ಲೇ ಇದ್ದ. ನಿಮ್ಮಪ್ಪ ಅದೇ ಅರೇಹಳ್ಳಿ ಎಸ್ಟೇಟಿನ ಶೆಡ್ಡಿನಲ್ಲಿ ಹುಡುಕಾಡಿ, ಅದೇ ಕಂಪನಿಯ ಇನ್ನೂ ಹಳೆಯ ಕಾರಿನ ಹೆಡ್ಡೊಂದನ್ನು ತಂದು ಕೂರಿಸಿದರು. ಬೋಲ್ಟಿಗೆ ಬೋಲ್ಟು ಸರಿಹೊಂದಿತು. ಒಂದೇ ವ್ಯತ್ಯಾಸ: ಆ ಹಳೆಯ ಹೆಡ್ಡಿಗೆ ಗಿಡ್ಡ ಕತ್ತಿನ ಪ್ಲಗ್ಗೇ ಬೇಕು. ಕಾರಿನ ಪುಸ್ತಕದಲ್ಲಿರುವುದು ಉದ್ದ ಕತ್ತಿನ ಪ್ಲಗ್ಗಿನ ನಂಬರು.

ಉದ್ದದ್ದೂ ಅದೇ ತೂತಿಗೆ ಸಲೀಸಾಗಿ ಕೂರುತ್ತದೆ. ಕಾರು ಸ್ಟಾರ್ಟೂ ಆಗುತ್ತದೆ. ಆದರೆ ಕತ್ತು ಒಳಗೆ ಚಾಚಿಕೊಂಡಿರುತ್ತದಲ್ಲ, ಜೋರಾಗಿ ಓಡಿಸಿದಾಗ ಅದು ಕೆಂಡದ ಹಾಗೆ ಕಾಯುತ್ತದೆ. ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಂಡು ಎಂಜಿನ್ನನ್ನು ಒಳಗಿನಿಂದಲೇ ಬಡಿಯುತ್ತದೆ. ಇದು ಗೊತ್ತಿದ್ದದ್ದು ನಿಮ್ಮಪ್ಪನಿಗೆ ಮತ್ತು ನನಗೆ. ಅವರು ಹೋದ ಮೇಲೆ ನನಗೊಬ್ಬಳಿಗೇ.

ಹಳೇ ಕಾರುಗಳ ಸಂಘದವರು ದಸರಾ ರಜೆಯಲ್ಲಿ ಅರಸೀಕೆರೆಯಿಂದ ಬೇಲೂರಿನವರೆಗೆ ಮೆರವಣಿಗೆ ಮಾಡುತ್ತಾರೆ ಎಂದು ಸುದ್ದಿ ಬಂದಾಗಿನಿಂದ ತಿಮ್ಮೇಶನ ಕಾಲು ನೆಲದ ಮೇಲಿರಲಿಲ್ಲ. ಅವನು ಊರಿಗೆ ಮರಳಿದಾಗಿನಿಂದ ನಮ್ಮ ಕಾಂಪೌಂಡಿನಲ್ಲೇ ಇರುವ ಅವನ ಮನೆಯ ಶೆಡ್ಡಿನಲ್ಲಿದ್ದ ಕಾರು ಕೆಮ್ಮುತ್ತಿತ್ತು, ಪ್ಲಗ್ಗು ಬದಲಾಯಿಸಬೇಕಿತ್ತು. ನೀನೂ ಫೋನು ಮಾಡಿ "ಚಿಕ್ಕಪ್ಪಂಗೆ ಯಾವ ಪ್ಲಗ್ ಅಂತ ಹೇಳಮ್ಮ, ಅಪ್ಪನ ಜೊತೆ ಇದ್ದೋಳು ನೀನೇ ಅಲ್ವಾ" ಅಂದೆ. ನೋಡೋಣ ಅಂದಿದ್ದೆ. ಹೇಳಿಬಿಡೋಣ ಎಂದು ಒಂದು ಬೆಳಿಗ್ಗೆ ಅವನ ಶೆಡ್ಡಿನ ಬಾಗಿಲವರೆಗೂ ಹೋದೆ. ಅಲ್ಲಿ ಕಾರಿನ ಮುಂದೆ ಕಟ್ಟಲು ಬೇಲೂರಿನಲ್ಲಿ ಬರೆಸಿ ತಂದ ಬೋರ್ಡು ಗೋಡೆಗೆ ಒರಗಿಸಿಟ್ಟಿತ್ತು. "ಮಾಲೀಕರು ಹಾಗೂ ಸ್ವಹಸ್ತದಿಂದ ದುರಸ್ತಿ ಮಾಡಿದವರು: ತಿಮ್ಮೇಶ್, ಹಳೇಬೀಡು." ಸ್ವಹಸ್ತವಂತೆ! ಆ ಹಸ್ತಕ್ಕೆ ಸ್ಟೆಪ್ನಿ ಬದಲಾಯಿಸಲೂ ಬರುವುದಿಲ್ಲ. ನಿಮ್ಮಪ್ಪನ ಉಗುರಿನ ಸಂದಿಯ ಕಪ್ಪು ಕೊನೆಯವರೆಗೂ ಹೋಗಿರಲಿಲ್ಲ ಕಣೇ. ಬೋರ್ಡು ಓದಿಕೊಂಡು ಹಾಗೇ ವಾಪಸು ಬಂದೆ, ಬಾಯಿಗೆ ಬೀಗ ಹಾಕಿಕೊಂಡೆ.

ಆಯುಧಪೂಜೆಯ ದಿನ ನನ್ನನ್ನೂ ಕರೆದರು. ಶೆಡ್ಡಿನಲ್ಲಿ ಸ್ಪ್ಯಾನರು, ಜಾಕು, ಮಚ್ಚು, ಕುಡುಗೋಲು ಎಲ್ಲ ತೊಳೆದು ಮಣೆಯ ಮೇಲೆ ಜೋಡಿಸಿದ್ದರು. ನಡುವೆ ಹಿತ್ತಾಳೆ ತಟ್ಟೆಯಲ್ಲಿ ಬೆಂಗಳೂರಿನಿಂದ ತರಿಸಿದ ಹೊಸ ಪ್ಲಗ್ಗುಗಳು. ಹೊಸಿಲಲ್ಲಿ ನಿಂತೇ ಕಂಡೆ, ಉದ್ದ ಕತ್ತಿನವು.

"ಅತ್ತಿಗೆ, ಪುಸ್ತಕ್ದಲ್ಲೂ ಇದೇ ನಂಬರ್ ಐತೆ, ನೆಟ್ಟಲ್ಲೂ ಇದೇ ಐತೆ, ಸಂಘದೋರೂ ಇದೇ ಅಂದ್ರು. ಸರಿಯಾಗೈತಾ?" ಎಂದು ತಿಮ್ಮೇಶ ಕೇಳಿದ.

"ಪುಸ್ತಕದಲ್ಲಿರೋದನ್ನೇ ತರಿಸಿದ್ದೀಯಲ್ಲಪ್ಪ," ಅಂದೆ. ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅವನಿಗೆ ಸಮಾಧಾನವಾಗಲಿಲ್ಲ. ಆಗಲೇ ಬಿಚ್ಚಿಟ್ಟಿದ್ದ ಹಳೆಯ ಪ್ಲಗ್ಗೊಂದನ್ನು ಕೈಗೆತ್ತಿಕೊಂಡು, "ಇದರ ಪಕ್ಕಕ್ಕೆ ಹಿಡ್ದು ಒಂದ್ಸಲ ನೋಡ್ತೀನಿ" ಎಂದು ತಟ್ಟೆಗೆ ಕೈ ಹಾಕಹೊರಟ. ಪಕ್ಕಕ್ಕೆ ಹಿಡಿದಿದ್ದರೆ ಮುಗಿಯುತ್ತಿತ್ತು, ಬೆರಳಿನ ಗೆಣ್ಣಿನಷ್ಟು ವ್ಯತ್ಯಾಸ ಕುರುಡನಿಗೂ ಕಾಣುತ್ತಿತ್ತು. ಅಷ್ಟರಲ್ಲಿ ನಿಮ್ಮ ಚಿಕ್ಕಮ್ಮ ಪ್ರತಿಮಾ ಕೂಗಿದಳು: "ಅಯ್ಯೋ, ಪೂಜೆಗಿಟ್ಟಿರೋದನ್ನ ಮುಟ್ತೀರಲ್ರೀ! ನಾಳೆ ಪೂಜೆ ಎತ್ತೋಗಂಟ ಮುಟ್ಟಂಗಿಲ್ಲ."

ತಿಮ್ಮೇಶ ನನ್ನ ಮುಖ ನೋಡಿದ. ಗ್ರಹಣದ ದಿನ ಹೊಟ್ಟೆ ತುಂಬ ತಿಂಡಿ ತಿಂದು ಶಾಲೆಗೆ ಹೋಗುತ್ತಿದ್ದ ಅತ್ತಿಗೆ ನಾನು, ಇಂಥದ್ದಕ್ಕೆಲ್ಲ ನಕ್ಕುಬಿಡುತ್ತೇನೆ ಎಂಬ ಧೈರ್ಯ ಅವನಿಗೆ. "ಏನಾಗಲ್ಲ ಅಲ್ವಾ ಅತ್ತಿಗೆ?" ಅಂದ.

"ಮುಟ್ಟಬಾರದು ಕಣಪ್ಪ. ಶಾಸ್ತ್ರ ಅಂದ್ಮೇಲೆ ಶಾಸ್ತ್ರಾನೇ," ಅಂದೆ ನಾನು.

ಅವನು ಕೈ ಹಿಂದೆಗೆದುಕೊಂಡ. ಹಳೆಯವು ಯಾಕೆ ಇನ್ನು, ಹಬ್ಬದ ದಿನ ಹಾಳುಮೂಳು ಕಣ್ಣಿಗೆ ಬೀಳಬಾರದು ಎಂದು ನಾನೇ ಪ್ರತಿಮಾಗೆ ಹೇಳಿದೆ. ಅವಳು ಅವನ್ನೆಲ್ಲ ಬಾಚಿ ಗುಜರಿ ಚೀಲಕ್ಕೆ ಹಾಕಿದಳು. ಸಂಜೆ ಗುಜರಿಯವನು ಬಂದು ಒಯ್ದ. ಪಾಪ, ಪ್ರತಿಮಾ ನನ್ನ ಕೈಗೆ ಕುಂಕುಮದ ಬಟ್ಟಲು ಕೊಟ್ಟು, "ಅಕ್ಕ, ಮನೆಗೆ ದೊಡ್ಡೋರು ನೀವು, ನೀವೇ ಇಡಿ" ಅಂದಳು. ಗಂಡ ಸತ್ತವಳು ಎಂದು ಅವಳು ನನ್ನನ್ನು ಯಾವತ್ತೂ ದೂರ ಇಟ್ಟಿಲ್ಲ, ಅವಳ ಮೇಲೆ ನನಗೆ ಏನೂ ಇಲ್ಲ. ಒಂದೊಂದು ಪ್ಲಗ್ಗಿಗೂ ಬೊಟ್ಟಿಟ್ಟೆ, ಬಲಿ ಕೊಡುವ ಕುರಿಗೆ ಇಡುತ್ತಾರಲ್ಲ, ಹಾಗೆ. ಮಾರನೆಯ ದಿನ ಪೂಜೆ ಎತ್ತಿ ತಿಮ್ಮೇಶ ಅವನ್ನು ತಾನೇ ಕೂರಿಸಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವನ ಶಿಳ್ಳೆ ನನ್ನ ಅಡುಗೆಮನೆಗೆ ಕೇಳಿಸಿತು.

ಮೆರವಣಿಗೆ ಇದ್ದದ್ದು ಕಳೆದ ಭಾನುವಾರ. ಹಿಂದಿನ ದಿನವೇ ಮೆಲ್ಲಗೆ ಓಡಿಸಿಕೊಂಡು ಅರಸೀಕೆರೆ ಸೇರಿದ್ದ. ಮೆಲ್ಲಗೆ ಹೋದರೆ ಆ ಪ್ಲಗ್ಗು ಏನೂ ಮಾಡುವುದಿಲ್ಲ. ಬೆಳಿಗ್ಗೆ ಕಾರುಗಳೆಲ್ಲ ಜಾವಗಲ್ ಮೇಲೆ ಸಾಲಾಗಿ ಬಂದು ನಮ್ಮ ದೇವಸ್ಥಾನದ ಮುಂದೆ ನಿಂತವು. ಎಲ್ಲರಿಗೂ ಉಪ್ಪಿಟ್ಟು, ಕೇಸರಿಭಾತು. ನಾನೂ ಹೋದೆ. ತಿಮ್ಮೇಶ ಕರಿ ಕನ್ನಡಕ ಹಾಕಿ, ಬೋರ್ಡಿನ ಪಕ್ಕದಲ್ಲಿ ಎದೆ ಉಬ್ಬಿಸಿ ನಿಂತು, ಟೋಪಿ ಹಾಕಿದ್ದ ಹೆಂಗಸೊಬ್ಬರಿಗೆ ಹೇಳುತ್ತಿದ್ದ: "ಎಲ್ಲಾ ನನ್ ಕೈಲೇ ಮಾಡಿದ್ದು ಮೇಡಂ. ಒಂದು ನಟ್ಟೂ ಇನ್ನೊಬ್ರು ಮುಟ್ಟಿಲ್ಲ."

ನನ್ನನ್ನು ಕಂಡು ಮುಖ ಅರಳಿಸಿ, ಎಲ್ಲರಿಗೂ ಕೇಳುವ ಹಾಗೆ ಕರೆದ. "ಬನ್ನಿ ಅತ್ತಿಗೆ, ಕೂತ್ಕಳಿ, ಬೇಲೂರ್ಗೆ ಹೋಗಿಬರಾನ!" ಜನ ಚಪ್ಪಾಳೆ ತಟ್ಟಿದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಹೌದು, ಗೊತ್ತಿದ್ದೇ ಕೂತೆ. ಆಗುವುದನ್ನು ಇನ್ನೊಬ್ಬರ ಬಾಯಿಂದ ಕೇಳುವ ಆಸೆ ನನಗಿರಲಿಲ್ಲ.

ಊರು ದಾಟುತ್ತಲೇ ರಸ್ತೆ ಬಿಡುವಾಯಿತು, ಅವನೂ ಒತ್ತಿದ. ಸ್ವಲ್ಪ ಹೊತ್ತಿಗೆ ಬಾನೆಟ್ಟಿನ ಒಳಗಿನಿಂದ ತಗಡಿನ ಮೇಲೆ ಜೋಳ ಸುರಿದಂತೆ ಸಣ್ಣಗೆ ಸದ್ದು ಶುರುವಾಯಿತು. ನಿಮ್ಮಪ್ಪ ಇದ್ದಿದ್ದರೆ ಆ ಕ್ಷಣವೇ ಕಾರು ನಿಲ್ಲಿಸುತ್ತಿದ್ದರು.

"ಅತ್ತಿಗೆ, ಏನೋ ಸದ್ದು ಬತ್ತಾ ಐತಲ್ಲ?"

"ಹಳೇ ಗಾಡಿ ಅಲ್ವೇನಪ್ಪ," ಅಂದೆ. "ಅಲ್ನೋಡು, ಆ ಬಿಳೀ ಕಾರು ನಿನ್ನನ್ನ ಹಿಂದೆ ಹಾಕಿ ಹೋಗ್ತಿದೆ. ಬಿಟ್ಟುಬಿಡ್ತೀಯಾ?"

ಬಿಡುತ್ತಾನೆಯೇ? ಹಲ್ಲು ಕಚ್ಚಿ ಕಾಲು ಊರಿದ. ಜೋಳದ ಸದ್ದು ಕಲ್ಲಿನ ಸದ್ದಾಯಿತು. ಬೇಲೂರು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಒಳಗೆ ಏನೋ ಸಿಡಿದು, ಎಣ್ಣೆ ಸುಟ್ಟ ಹೊಗೆ ಬಾನೆಟ್ಟಿನ ಸಂದಿಯಿಂದ ಬುಸಬುಸ ಎದ್ದಿತು. ಕಾರು ತೆವಳಿಕೊಂಡು ಹೋಗಿ ಹುಣಸೆಮರದ ಕೆಳಗೆ ನಿಂತುಕೊಂಡಿತು. ಹಿಂದೆ ಬರುತ್ತಿದ್ದ ಕಾರುಗಳು ಒಂದೊಂದಾಗಿ ದಾಟಿ ಹೋದವು. ಟೋಪಿಯ ಹೆಂಗಸು ನಿಧಾನ ಮಾಡಿ ವಿಡಿಯೋ ಹಿಡಿದುಕೊಂಡೇ ಹೋದರು, ಬೋರ್ಡು ಚೆನ್ನಾಗಿ ಬಂದಿರಬೇಕು. ತಿಮ್ಮೇಶ ಬಾನೆಟ್ಟು ಎತ್ತಿ, ಏನು ನೋಡಬೇಕೆಂದು ತಿಳಿಯದೆ ಸುಮ್ಮನೆ ನಿಂತಿದ್ದ. ನನ್ನ ಹೊಟ್ಟೆ ತಣ್ಣಗಾಯಿತು ನಯನಾ. ನಿನ್ನ ಹತ್ತಿರ ಮುಚ್ಚುಮರೆ ಏನು, ಅಷ್ಟು ಸಮಾಧಾನ ನನಗೆ ಆಗಿ ವರ್ಷಗಳೇ ಆಗಿದ್ದವು. ಹಿಂದೆ ಬಂದ ಬಸ್ಸಿಗೆ ಕೈ ತೋರಿಸಿ ಹತ್ತಿ, ಬೇಲೂರಿನಲ್ಲಿ ದೇವರಿಗೆ ಕೈಮುಗಿದು, ಒಂದು ಕಾಫಿ ಕುಡಿದು ಮನೆಗೆ ಬಂದೆ.

ಬೇಲೂರಿನ ಮೆಕ್ಯಾನಿಕ್ ಸ್ವಾಮಿ ಎಂಜಿನ್ನು ಬಿಚ್ಚಿ ನೋಡಿ, "ಪಿಸ್ಟನ್ ತೂತು ಬಿದ್ದೈತೆ ಸಾ. ಇದು ಬೇರೆ ಗಾಡಿ ಹೆಡ್ಡು, ಗಿಡ್ಡ ಪ್ಲಗ್ ಹಾಕ್ಬೇಕಿತ್ತು" ಅಂದನಂತೆ. ಅದರ ಸಾಮಾನು ಈಗ ಎಲ್ಲಿ ಸಿಗಬೇಕು? ಕಾರು ಸ್ವಾಮಿಯ ಶೆಡ್ಡಿನ ಮೂಲೆಯಲ್ಲೇ ಟಾರ್ಪಾಲು ಹೊದ್ದು ಕೂತಿದೆ.

ಸೋಮವಾರ ತಿಮ್ಮೇಶ ನಮ್ಮ ಜಗಲಿಗೆ ಬಂದ. "ಅಣ್ಣ ಹೆಡ್ಡು ಬದಲಾಯ್ಸಿದ್ದಂತೆ. ನೀವು ಪಕ್ಕದಲ್ಲೇ ಇದ್ದೋರು, ನಿಮ್ಗೆ ಗೊತ್ತಿರ್ಲಿಲ್ವಾ ಅತ್ತಿಗೆ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಎಲ್ಲಾ ನಿನ್ನ ಕೈಲೇ ಮಾಡಿದ್ದು ಅಂತ ಬರೆಸಿಕೊಂಡಿದ್ದೆಯಲ್ಲ. ನಿಂಗೇ ಗೊತ್ತಿರಬೇಕು ಅಂದ್ಕೊಂಡೆ."

ಅವನು ನನ್ನ ಮುಖವನ್ನೇ ನೋಡಿದ. ಇದು ಬೋರ್ಡಿನ ಮಾತಲ್ಲ ಎಂದು ಅವನಿಗೆ ಹೊಳೆಯಿತು. ಹೊಳೆದದ್ದು ನನಗೂ ಕಾಣಿಸಿತು. ಮುಖ ಬಿಳಿಚಿಕೊಂಡು ಮೆಟ್ಟಿಲಿಳಿದು ಹೋದ. ಆಮೇಲೆ ನಿನಗೆ ಫೋನು ಮಾಡಿ ಅತ್ತಿದ್ದಾನೆ. ಕಾರಿನ ವಿಷಯ ಮಾತ್ರ ಹೇಳಿದ್ದಾನೆ, ಅಲ್ಲವೇ? ಅಷ್ಟೇ ಹೇಳಿರುತ್ತಾನೆ.

ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತು ಧಾರೆ ಎರೆದವನು ಅವನು ಅನ್ನುತ್ತೀಯ. ಎರೆದ. ಚೆನ್ನಾಗಿಯೇ ನಿಂತು ಮಾಡಿದ, ಇಲ್ಲವೆನ್ನುವುದಿಲ್ಲ. ನಿನಗೆ ಆ ಮಣೆಯ ಮೇಲೆ ಚಿಕ್ಕಪ್ಪ ಬೇಕಿತ್ತು, ಅದಕ್ಕೇ ನಾನು ಅಲ್ಲಿಯವರೆಗೂ ನಗುನಗುತ್ತಾ ಅವನಿಗೆ ಊಟಕ್ಕೆ ಬಡಿಸಿದೆ. ನ್ಯಾಯವಾಗಿ ನೋಡಿದರೆ ನಿನ್ನ ಮದುವೆ ಅವನನ್ನು ಇಷ್ಟು ದಿನ ಕಾಪಾಡಿತು.

ಕ್ಷಮೆ ಕೇಳುವುದಿಲ್ಲ ಮಗಳೇ. ದೀಪಾವಳಿಗೆ ನೀನು ಬರದಿದ್ದರೆ ನನಗೆ ಸಂಕಟವಾಗುತ್ತದೆ. ಪುಟ್ಟಿಗೆಂದು ಹೊಲಿಸಿದ ಲಂಗವನ್ನು ದಿನಕ್ಕೊಂದು ಸಲ ಮಡಿಸಿ ಇಡುತ್ತಿದ್ದೇನೆ, ಮಡಿಸುವಾಗ ಅಳುವೂ ಬರುತ್ತದೆ. ಆದರೂ ಕೇಳುವುದಿಲ್ಲ. ಕಜ್ಜಾಯ ಮಾಡಿ ದಾವಣಗೆರೆ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ನನ್ನ ಮೇಲಿನ ಸಿಟ್ಟನ್ನು ಕಜ್ಜಾಯದ ಮೇಲೆ ತೋರಿಸಬೇಡ, ಅಳಿಯಂದಿರಿಗೆ ಅದು ಇಷ್ಟ.

ನಿನ್ನ ಮನೆಯ ದೀಪ ಸದಾ ಉರಿಯಲಿ, ಪುಟ್ಟಿ ಗಟ್ಟಿಮುಟ್ಟಾಗಿ ಬೆಳೆಯಲಿ, ನಿನಗೆ ನನ್ನಷ್ಟು ಕಲ್ಲುಮನಸ್ಸು ಮಾಡಿಕೊಳ್ಳುವ ಕಾಲ ಬರದಿರಲಿ.

ನಿನ್ನ ಅಮ್ಮ,
ಸುಮಿತ್ರಮ್ಮ

ವಿ.ಸೂ.: ಕವರು ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಒಂದು ಬೋರ್ಡಿಗಾಗಿ ಎಂಜಿನ್ನು ಸುಡಿಸುವಷ್ಟು ಸಣ್ಣ ಮನಸ್ಸಿನವಳು ನನ್ನಮ್ಮ ಎಂದು ನೀನು ಅಂದುಕೊಳ್ಳುವುದು ನನಗೆ ಬೇಡ.

ಆಂಬುಲೆನ್ಸ್ ಸಿಗುವುದು ತಡವಾಗಿ ನಿಮ್ಮಪ್ಪ ತೀರಿಕೊಂಡರು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿಯಲ್ಲ. ಕೊರೋನಾದ ಲಾಕ್‌ಡೌನಿನಲ್ಲಿ ನೀನು ಮೈಸೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಆ ಬೆಳಿಗ್ಗೆ ಅವರಿಗೆ ಉಸಿರು ಸಿಗುತ್ತಿರಲಿಲ್ಲ. ನಮ್ಮ ಕಾರು ಅರಸೀಕೆರೆಯ ಗ್ಯಾರೇಜಿನಲ್ಲಿ ಬೀಗದೊಳಗಿತ್ತು, ತಿಮ್ಮೇಶನ ದೊಡ್ಡ ಕಾರು ಅವನ ಮಾವನ ಮನೆಯಲ್ಲಿ. ಕಾಂಪೌಂಡಿನಲ್ಲಿದ್ದದ್ದು ಬೋಳು ಕಾರೊಂದೇ. ಹೋಗಿ ಅವನ ಕಿಟಕಿ ಬಡಿದೆ. "ನೀನು ಬರಬೇಡ, ಹತ್ರಾನೂ ಬರಬೇಡ. ಕೀ ಎಸೆದುಬಿಡು, ನಾನೇ ಓಡಿಸ್ಕೊಂಡು ಹಾಸನಕ್ಕೆ ಹೋಗ್ತೀನಿ" ಅಂದೆ. ಅವನು ಗಾಜು ತೆಗೆಯಲಿಲ್ಲ. ಮೂಗಿಗೆ ಟವೆಲು ಒತ್ತಿಕೊಂಡು ಒಳಗಿನಿಂದಲೇ ಅಂದ: "ಗಾಡಿ ಸ್ಟಾರ್ಟಾಗಲ್ಲ ಅತ್ತಿಗೆ, ಪ್ಲಗ್ ಹೋಗೈತೆ."

ಬಂದು ನಿಮ್ಮಪ್ಪನಿಗೆ ಹೇಳಿದೆ. ಅವರು ನಂಬಿದರು. ತಮ್ಮ ಹೇಳಿದ ಮೇಲೆ ಅವರಿಗೆ ಅದೇ ನಿಜ. ಮಾತಾಡಲು ಆಗದೆ ಕಪಾಟಿನ ಕಡೆ ಕೈ ತೋರಿಸಿದರು. ಅಲ್ಲಿ ಆ ಕಾರಿಗೆಂದೇ ಅವರು ಎತ್ತಿಟ್ಟಿದ್ದ ಹೊಸ ಪ್ಲಗ್ಗುಗಳಿದ್ದವು, ಗಿಡ್ಡ ಕತ್ತಿನವು. "ಕೊಡು... ಅವನಿಗೆ" ಅಂದರು. ಅದೇ ಅವರು ಆಡಿದ ಕೊನೆಯ ಮಾತು. ನಾನು ಓಡಿಹೋಗಿ ಕಿಟಕಿಯ ಗಾಜಿಗೆ ಅವನ್ನು ಒತ್ತಿ ಹಿಡಿದೆ. "ನಿಮ್ಮಣ್ಣ ಕೊಟ್ಟಿದ್ದಾರೆ, ನೋಡೋ" ಎಂದು ಕೂಗಿದೆ. ಅವನು ಪರದೆ ಎಳೆದುಕೊಂಡ.

ಕೊನೆಗೆ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಹೊರಟೆ, ಹಾಸನ ಮುಟ್ಟಲಿಲ್ಲ. ಅವರ ಅಸ್ಥಿ ತರಲು ತಿಮ್ಮೇಶ ಹೋಗಿಬಂದದ್ದು ಬೋಳು ಕಾರಿನಲ್ಲೇ, ಅವೇ ಹಳೆಯ ಪ್ಲಗ್ಗುಗಳಲ್ಲಿ.

ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ, ಆಗ ಹೆದರದವರು ಯಾರಿದ್ದರು? ನಾನು ಕೇಳಿದ್ದು ಕೀ ಮಾತ್ರ. ಆ ಪ್ಲಗ್ಗುಗಳು ಇನ್ನೂ ನನ್ನ ಕಪಾಟಿನಲ್ಲಿವೆ, ಪೊಟ್ಟಣ ಒಡೆದಿಲ್ಲ. ಯಾವ ಪ್ಲಗ್ಗು ಸರಿ ಎಂದು ಅವನು ಕೇಳಿದಾಗ ನಾನು ಹೇಳಲಿಲ್ಲ, ನಿಜ. ಅವನು ಕೇಳದೆಯೇ ಒಂದು ಸಲ ತೋರಿಸಿದ್ದೆ.